ಸಂಬಳವಿಲ್ಲದ ಬೊಂಬೆ

ಆ ಮನೆಯಲ್ಲಿ ಯಾರ ಬಟ್ಟೆಯೂ ಬಿಗಿಯಾಗುತ್ತಿರಲಿಲ್ಲ, ಯಾರದೂ ಸಡಿಲವಾಗುತ್ತಿರಲಿಲ್ಲ. ಇದೇನು ಮಹಾ ಎಂದು ನೀವು ಮೂಗು ಮುರಿಯಬಹುದು. ಕತೆ ಇರುವುದೇ ಅಲ್ಲಿ, ಸ್ವಲ್ಪ ತಾಳಿ.

ಮನೆಯ ಎರಡನೇ ಮಹಡಿಯಲ್ಲಿ ಒಂದು ಹೊಲಿಗೆ ಕೋಣೆ ಇತ್ತು. ಕಿಟಕಿಯ ಪಕ್ಕ ದರ್ಜಿ ಮಾಸ್ತರ ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ಅಗಲವಾದ ಮೇಜು, ಗೋಡೆಗೆ ಸಾಲಾಗಿ ಮೂರು ಬೊಂಬೆ. ಬೊಂಬೆ ಎಂದರೆ ಆಟದ ಬೊಂಬೆಯಲ್ಲ. ತಲೆ ಇಲ್ಲ, ಕೈ ಇಲ್ಲ, ಸೊಂಟದ ಕೆಳಗೆ ಕಬ್ಬಿಣದ ಒಂದೇ ಕಾಲು. ಒಳಗೆ ಕಡ್ಡಿಯ ಹಂದರ, ಅದಕ್ಕೆ ತುಂಬಿದ ಮರದ ಹೊಟ್ಟು, ಅದರ ಮೇಲೆ ಹತ್ತಿ, ಅದರ ಮೇಲೆ ದಪ್ಪನೆಯ ಬಿಳಿ ಬಟ್ಟೆ. ಒಂದು ಯಜಮಾನರ ಮೈಯಳತೆಯದು, ಒಂದು ಅಮ್ಮಾವ್ರದು, ಒಂದು ಅವರ ಒಬ್ಬಳೇ ಮಗಳು ಪುಟ್ಟಿಯದು.

ಯಜಮಾನರಿಗೂ ಅಮ್ಮಾವ್ರಿಗೂ ಸಿರಿ ಬಂದದ್ದು ಹೊಲಿಗೆಯಿಂದಲೇ. ಮೊದಲು ಒಂದೂವರೆ ಕೋಣೆಯ ಮನೆಯಲ್ಲಿ ಒಂದೇ ಮಿಷನ್ನು, ಒಂದೇ ಟೇಪು. ಪಕ್ಕದ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದರು. ಆಮೇಲೆ ಹತ್ತು ಶಾಲೆ, ಆಮೇಲೆ ನೂರು. ಈಗ ಮೂರು ಕಾರ್ಖಾನೆ, ಗೇಟಿಗೆ ಇಬ್ಬರು ಕಾವಲುಗಾರರು, ಇಬ್ಬರೇ ಕೂತು ತಿನ್ನುವ ತಿಂಡಿಗೆ ಹನ್ನೆರಡು ಕುರ್ಚಿಯ ಮೇಜು. ಬಟ್ಟೆ ಹಾಕಿ ನೋಡಲು ಮಾಸ್ತರ ಮುಂದೆ ಐದು ನಿಮಿಷ ನಿಲ್ಲುವುದಕ್ಕೂ ಅವರಿಗೆ ಪುರಸೊತ್ತು ಸಿಗದಾಯಿತು. ಒಂದೂವರೆ ಕೋಣೆಯ ಕಾಲದಿಂದ ಜೊತೆಗಿದ್ದ ಮಾಸ್ತರು, ಅವರ ಬದಲು ನಿಲ್ಲಲಿ ಎಂದು ಈ ಮೂರನ್ನು ಮಾಡಿಟ್ಟರು. ಮೊದಮೊದಲು ವರ್ಷಕ್ಕೊಮ್ಮೆ ಮನೆಯವರ ಅಳತೆ ತೆಗೆದು ಬೊಂಬೆಗಳನ್ನು ಸರಿಮಾಡುತ್ತಿದ್ದರು. ಆಮೇಲೆ ಅದೂ ನಿಂತುಹೋಯಿತು. ಬೊಂಬೆಗೆ ಸರಿಹೋದದ್ದು ಮನೆಯವರಿಗೂ ಸರಿಹೋಗುತ್ತಿತ್ತು, ಹೇಗೆ ಎಂದು ಯಾರೂ ಕೇಳಲಿಲ್ಲ.

ಪುಟ್ಟಿ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಬಿಟ್ಟದ್ದು ಜಗಳವಾಡಿ. ಅವಳಿಗೊಬ್ಬಳು ಗೆಳತಿ ಇದ್ದಳು, ಔಷಧಿ ಅಂಗಡಿಯವನ ಮಗಳು. ದಿನಾ ಬರುತ್ತಿದ್ದಳು, ಇಬ್ಬರೂ ಮಹಡಿ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಮ್ಮಾವ್ರಿಗೆ ಆ ನಗು ಕೇಳಿದಾಗಲೆಲ್ಲ ಒಳಗೆ ಮುಳ್ಳಾಡುತ್ತಿತ್ತು. ಈ ಹುಡುಗಿ ಯಾವುದಕ್ಕೆ ಕಣ್ಣು ಹಾಕಿಕೊಂಡು ಬರುತ್ತಿದ್ದಾಳೆ? ಅವರು ತಮ್ಮ ಕಚೇರಿಯವರೊಬ್ಬರನ್ನು ಕಳಿಸಿ ಆ ಹುಡುಗಿಯ ಮನೆ, ಅಂಗಡಿ, ಅಕ್ಕಪಕ್ಕ ಎಲ್ಲ ವಿಚಾರಿಸಿದರು. ಏನೂ ಸಿಗಲಿಲ್ಲ. ಆದರೆ ವಿಚಾರಿಸಿದ ಸುದ್ದಿ ಆ ಮನೆಗೆ ಮುಟ್ಟಿತು. ಮಾನವಂತರು, ಮಗಳನ್ನು ಮತ್ತೆ ಕಳಿಸಲಿಲ್ಲ.

ಪುಟ್ಟಿ ಅಳಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು, "ದೂರದೂರಲ್ಲಿ ಓದ್ತೀನಿ. ನನ್ನ ನೋಡೋಕೆ ಬರಬೇಡ. ಬಂದ್ರೆ, ಎಲ್ಲಿಗೆ ಹೋದೆ ಅಂತ ಗೊತ್ತಾಗದ ಹಾಗೆ ಹೋಗಿಬಿಡ್ತೀನಿ" ಎಂದಳು. ಅವಳು ಆಡಿದ್ದನ್ನು ಮಾಡುವವಳೇ, ಅದು ತಾಯಿಯಿಂದ ಬಂದ ಗುಣ.

ಹಾಗಾಗಿ ಅಮ್ಮಾವ್ರು ಹೋಗಲಿಲ್ಲ. ಬದಲಿಗೆ ಕಳಿಸಿದರು. ಮನೆ ಕೊಂಡು ಕೊಟ್ಟರು, ಅಡಿಗೆಯವಳನ್ನು ಕಳಿಸಿದರು, ಕಾರು ಕಳಿಸಿದರು, ತಿಂಗಳಿಗೊಮ್ಮೆ ಮಾಸ್ತರು ಹೊಲಿದ ಬಟ್ಟೆಯ ಪೆಟ್ಟಿಗೆ ಕಳಿಸಿದರು. ಪುಟ್ಟಿ ಫೋನಿನಲ್ಲಿ ಎರಡು ಮಾತು ಆಡುತ್ತಿದ್ದಳು. "ಬಂತು. ಸರಿಯಾಗಿ ಕೂತಿದೆ." ಆ ಎರಡು ಮಾತಿಗಾಗಿ ಅಮ್ಮಾವ್ರು ತಿಂಗಳೆಲ್ಲ ಕಾಯುತ್ತಿದ್ದರು.

ಪುಟ್ಟಿಗೆ ಇಪ್ಪತ್ತೊಂದು ತುಂಬುವ ತಿಂಗಳು ಅಮ್ಮಾವ್ರು ಅಪರೂಪಕ್ಕೆ ಹೊಲಿಗೆ ಕೋಣೆಗೆ ಹೋದರು. ಬೆಳಿಗ್ಗೆ ಹತ್ತೂವರೆ ದಾಟಿತ್ತು. ಅವರಿಗೆ ಆಗಷ್ಟೇ ಎರಡೂ ಪಕ್ಕೆಲುಬಿನ ಕೆಳಗೆ ಬಿಗಿಯಾಗಿ ಹಿಡಿದು ಬಿಟ್ಟಿತ್ತು. ದಿನಾ ಅದೇ ಹೊತ್ತಿಗೆ ಹಿಡಿಯುತ್ತಿತ್ತು, ಎರಡು ವರ್ಷದಿಂದ. ದೊಡ್ಡ ಆಸ್ಪತ್ರೆಯಲ್ಲಿ ಇದ್ದಬದ್ದ ಮಿಷನ್ನೊಳಗೆಲ್ಲ ಮಲಗಿಸಿ ನೋಡಿ, ಕೊನೆಗೆ ದೊಡ್ಡ ದೊಡ್ಡ ಡಾಕ್ಟರುಗಳು ಸೇರಿ ಗ್ಯಾಸು ಅಂದಿದ್ದರು.

ಮೇಜಿನ ಮೇಲೆ ನೀಲಿ ಗೌನು ಹರಡಿತ್ತು. ಅಮ್ಮಾವ್ರು ಎತ್ತಿ ಹಿಡಿದರು.

"ಯಾರ ಮಗೂಗೆ ಮಾಸ್ತರೇ ಇದು?"

"ಮಗೂದಲ್ಲ ಅಮ್ಮಾವ್ರೇ. ಪುಟ್ಟಮ್ಮಂದು."

ಅಮ್ಮಾವ್ರು ನಕ್ಕರು. ಮಾಸ್ತರು ನಗಲಿಲ್ಲ. ಅಮ್ಮಾವ್ರು ಗೌನಿನ ಸೊಂಟಕ್ಕೆ ಗೇಣು ಹಾಕಿ ನೋಡಿದರು, ಇನ್ನೊಮ್ಮೆ ಹಾಕಿದರು.

"ನಿಮಗೇನು ಕಣ್ಣು ಮಂಜಾಯ್ತಾ? ಇಪ್ಪತ್ತೊಂದು ವರ್ಷದ ಹುಡುಗಿ ಇದರೊಳಗೆ ಹಿಡಿಸ್ತಾಳಾ?"

ಮಾಸ್ತರು ಪುಟ್ಟಿಯ ಬೊಂಬೆಯನ್ನು ತಿರುಗಿಸಿದರು. ಅದರ ಕುತ್ತಿಗೆಯ ಹಿಂದೆ ಗುಂಡುಸೂಜಿಯಲ್ಲಿ ಚುಚ್ಚಿದ ಚೀಟಿಗಳ ಕಂತೆ ಇತ್ತು. ಬೊಂಬೆಗಳ ಹತ್ತಿ ಕಾಲಕ್ರಮೇಣ ಅಮರುತ್ತದೆ ಎಂದು ಅವರು ಪ್ರತಿ ತಿಂಗಳ ಮೊದಲ ಸೋಮವಾರ ಮೂರಕ್ಕೂ ಟೇಪು ಹಿಡಿದು ಬರೆದಿಡುತ್ತಿದ್ದರು. ಪುಟ್ಟಿ ಮನೆ ಬಿಟ್ಟ ತಿಂಗಳು ಸೊಂಟ ಇಪ್ಪತ್ತೆಂಟು ಇಂಚು. ಆಮೇಲೆ ಇಪ್ಪತ್ತೇಳೂವರೆ. ಇಪ್ಪತ್ತೇಳು. ಕೊನೆಯ ಚೀಟಿಯಲ್ಲಿ ಇಪ್ಪತ್ತೆರಡು.

"ನಾನು ಒಂದು ಎಳೆ ಹತ್ತಿ ತೆಗೆದಿಲ್ಲ" ಎಂದರು ಮಾಸ್ತರು. "ಹೊಲಿಗೆ ನೋಡಿ, ನಾನು ಹಾಕಿದ ಗಂಟು ಹಾಗೇ ಇದೆ. ಇಲಿ ಕಡಿದಿಲ್ಲ, ಹುಳ ಹೊಡೆದಿಲ್ಲ. ತಾನಾಗೇ ಇಳೀತಾ ಇದೆ. ನಾನು ಬೊಂಬೆಗೆ ಹೊಲಿದು ಕಳಿಸ್ತೀನಿ, ಅವರು ಸರಿಯಾಗಿ ಕೂತಿದೆ ಅಂತಾರೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

ಮಾಸ್ತರು ನೆಲ ನೋಡಿದರು. "ಕೆಟ್ಟ ಸುದ್ದಿ ಹೇಳಿದವರನ್ನ ಈ ಮನೆಯಲ್ಲಿ ಉಳಿಸಿಕೊಂಡಿದ್ದನ್ನ ನಾನು ಕಂಡಿಲ್ಲ, ಅಮ್ಮಾವ್ರೇ."

ಅಮ್ಮಾವ್ರಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ಅವರು ಮಾಡುವುದು ಒಂದೇ, ಆಜ್ಞೆ. ಬೊಂಬೆಗೆ ಹತ್ತಿ ತುಂಬಿಸಿ ಮೊದಲಿನ ಹಾಗೆ ಮಾಡಬೇಕು, ಗೌನು ಅದಕ್ಕೆ ಸರಿಯಾಗಿ ಮತ್ತೆ ಹೊಲಿಯಬೇಕು. ಮಾಸ್ತರು ಎರಡು ಸುತ್ತು ಹತ್ತಿ ಹಾಕಿ ಹೊಲಿದರು. ಹೊಸ ಗೌನು ಹೋಯಿತು. ಪುಟ್ಟಿಯ ಫೋನು ಬಂತು. "ದೊಗಳೆ ಅಮ್ಮ. ಭುಜದಿಂದ ಜಾರಿ ಬೀಳುತ್ತೆ." ಅಷ್ಟು ಹೇಳಿ ಇಟ್ಟಳು. ಅಮ್ಮಾವ್ರು ಮೆಟ್ಟಿಲು ಹತ್ತಿ ಹೋಗಿ ನೋಡಿದರೆ, ಬೊಂಬೆಯ ಬಿಳಿ ಬಟ್ಟೆ ಹೊಟ್ಟೆಯ ಬಳಿ ನೆರಿಗೆಗಟ್ಟಿತ್ತು. ತುಂಬಿದ ಹತ್ತಿ ಎಲ್ಲಿ ಹೋಯಿತೋ, ಹೊಲಿಗೆ ಮಾತ್ರ ಹಾಕಿದ ಹಾಗೇ ಇತ್ತು.

ಅಮ್ಮಾವ್ರು ಹೆದರುವ ಪೈಕಿಯಲ್ಲ. ಆದರೂ ಆ ಕೋಣೆಯಲ್ಲಿ ಬೊಂಬೆಗೆ ಬೆನ್ನು ಹಾಕಲು ಅವರಿಗೆ ಮನಸ್ಸಾಗಲಿಲ್ಲ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಾಗಿಲ ತನಕ ಬಂದರು. ಹಾಗೆ ಬರುವಾಗ ಉಳಿದೆರಡು ಬೊಂಬೆಗಳೂ ಕಣ್ಣಿಗೆ ಬಿದ್ದವು. ಅವರದೇ ಬೊಂಬೆಗೆ ಪಕ್ಕೆಗಳಲ್ಲಿ ಎರಡು ತಗ್ಗು. "ಎಷ್ಟು ಸಲ ತುಂಬಿದರೂ ಮತ್ತೆ ಬೀಳುತ್ತೆ" ಎಂದು ಮಾಸ್ತರು ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಯಜಮಾನರ ಬೊಂಬೆಯ ಬಲ ಭುಜ ಇಳಿದಿತ್ತು.

ಮರುದಿನ ತಿಂಡಿಯ ಹೊತ್ತಿಗೆ ಅವರು ಆ ಉದ್ದ ಮೇಜಿನ ಒಂದು ತುದಿಯಿಂದ ಎದ್ದು ಇನ್ನೊಂದು ತುದಿಗೆ ಹೋದರು. ಯಜಮಾನರು ಪೇಪರು ಓದುತ್ತಿದ್ದರು. ಅಮ್ಮಾವ್ರು ಟೇಪು ಬಿಚ್ಚಿ ಅವರ ಭುಜಕ್ಕೆ ಹಿಡಿದರು.

"ಏನೇ ಇದು? ಇಷ್ಟು ವರ್ಷದ ಮೇಲೆ ನನಗೆ ಕೋಟು ಹೊಲೀತೀಯಾ?" ಯಜಮಾನರು ನಕ್ಕರು. ಪಾಪ, ಖುಷಿಯಿಂದಲೇ ನಕ್ಕರು.

"ಸುಮ್ನೆ ಕೂತ್ಕೊಳ್ಳಿ, ಅಲ್ಲಾಡಬೇಡಿ."

ಬಲ ಭುಜ ಎಡಕ್ಕಿಂತ ಮುಕ್ಕಾಲು ಇಂಚು ಕೆಳಗಿತ್ತು. ಬೊಂಬೆಯಲ್ಲೂ ಮುಕ್ಕಾಲು ಇಂಚೇ. ಗಂಡನ ಭುಜ ಜೋತುಬಿದ್ದದ್ದು ಯಾವಾಗ? ಹನ್ನೆರಡು ಕುರ್ಚಿಯಾಚೆಯಿಂದ ಅದು ಕಾಣುತ್ತಲೇ ಇರಲಿಲ್ಲ. ಬೊಂಬೆ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಆ ಊರಲ್ಲಿ ಅವರ ಮಗಳು ದಿನಕ್ಕಿಷ್ಟು ಕರಗಿ ಹೋಗುತ್ತಿದ್ದಾಳೆ.

ಅಡಿಗೆಯವಳಿಗೆ ಫೋನು ಮಾಡಿದರು. "ಎರಡು ಹೊತ್ತೂ ಹೊಟ್ಟೆ ತುಂಬ ಊಟ ಮಾಡ್ತಾರೆ ಅಮ್ಮಾವ್ರೇ, ಗುಂಡುಗುಂಡಗಿದಾರೆ" ಎಂದಳು ಅಡಿಗೆಯವಳು. ಕಾರಿನ ಡ್ರೈವರು, "ಫಸ್ಟ್ ಕ್ಲಾಸಾಗಿದಾರೆ" ಎಂದ. ಡಾಕ್ಟರನ್ನು ಕಳಿಸಿದರು. ಡಾಕ್ಟರು ಬಾಗಿಲಾಚೆಯಿಂದಲೇ ಎರಡು ಮಾತಾಡಿ ಬಂದು, ಚಿಂತೆಗೆ ಕಾರಣವಿಲ್ಲ ಎಂದು ಚೆಂದದ ಕಾಗದದಲ್ಲಿ ಬರೆದು ಕೊಟ್ಟರು. ಎಲ್ಲರೂ ಅಮ್ಮಾವ್ರಿಗೆ ಏನು ಕೇಳಲಿಷ್ಟವೋ ಅದನ್ನೇ ಹೇಳಿದರು. ಹೇಳದೆ ಏನು, ಅವರೆಲ್ಲ ಅಮ್ಮಾವ್ರ ಸಂಬಳ ತಿನ್ನುವವರು. ಆ ಮನೆಯ ವಹಿವಾಟಿನಲ್ಲಿ ಸಂಬಳವಿಲ್ಲದವಳು ಪುಟ್ಟಿಯ ಬೊಂಬೆ ಒಬ್ಬಳೇ.

ಆಮೇಲಿನ ಸೋಮವಾರ ಸೊಂಟ ಇಪ್ಪತ್ತೊಂದೂವರೆ.

ಹೋಗಲೇ? ಹೋದರೆ ಹುಡುಗಿ ಆಡಿದಂತೆ ಕಾಣೆಯಾಗಿಬಿಟ್ಟರೆ? ಈಗ ತಿಂಗಳಿಗೆ ಎರಡು ಮಾತಾದರೂ ಕೇಳಿಸುತ್ತಿದೆ, ಅದೂ ಹೋದರೆ? ಅಮ್ಮಾವ್ರಿಗೆ ಅತ್ತ ಹೋಗಲೂ ಧೈರ್ಯವಿಲ್ಲ, ಇತ್ತ ಇರಲೂ ಆಗದು. ಮಧ್ಯಾಹ್ನ ಮಾಸ್ತರು ಊಟ ಮುಗಿಸಿ ಕೆಳಗೆ ಒಂದು ನಿದ್ದೆ ತೆಗೆಯುವ ಹೊತ್ತಿನಲ್ಲಿ ಅವರು ಹೊಲಿಗೆ ಕೋಣೆಗೆ ಹೋಗಿ ಸುಮ್ಮನೆ ಕೂರತೊಡಗಿದರು.

ಒಂದೂವರೆ ಕೋಣೆಯ ಕಾಲದಲ್ಲಿ ಇದ್ದದ್ದು ಒಂದೇ ಟೇಪು ಎಂದೆನಲ್ಲ, ಅದು ಯಾವಾಗಲೂ ಯಜಮಾನರ ಕುತ್ತಿಗೆಯಲ್ಲಿ. ಮಗುವಿಗೆ ಅಂಗಿ ಹೊಲಿಯುವಾಗ ಅಮ್ಮಾವ್ರು ಹಿಂದಿನಿಂದ ಎರಡೂ ತೋಳಿನಲ್ಲಿ ಪುಟ್ಟಿಯ ಸೊಂಟ ಬಳಸುತ್ತಿದ್ದರು. ಬಲಗೈಯ ಬೆರಳ ತುದಿ ಎಡಗೈಯ ಎಲ್ಲಿಗೆ ಮುಟ್ಟುತ್ತದೋ ಅದೇ ಅಳತೆ. ಪುಟ್ಟಿಗೆ ಆರು ವರ್ಷವಾಗಿದ್ದಾಗ ಬೆರಳು ಮೊಣಕೈಗೆ ಮುಟ್ಟುತ್ತಿತ್ತು. ಹತ್ತು ವರ್ಷಕ್ಕೆ ಮುಂಗೈಯ ನಡುವಿಗೆ. ಹದಿನಾಲ್ಕಕ್ಕೆ ಮಣಿಕಟ್ಟಿಗೆ. ಪುಟ್ಟಿ ಉಸಿರು ಬಿಗಿಹಿಡಿದು, ಕಿಸಿಕಿಸಿ ನಗುತ್ತ, "ಎಲ್ಲಿಗೆ ಬಂತಮ್ಮಾ?" ಎಂದು ಕೇಳುತ್ತಿದ್ದಳು. ಆಮೇಲೆ ಬೊಂಬೆ ಬಂತು, ಈ ಅಳತೆ ನಿಂತಿತು.

ಒಂದು ದಿನ ಸರಿಯಾಗಿ ನಾಲ್ಕು ಗಂಟೆಗೆ, ಏಕೆಂದು ಅವರಿಗೇ ಗೊತ್ತಿಲ್ಲ, ಅಮ್ಮಾವ್ರು ಎದ್ದು ಹೋಗಿ ಬೊಂಬೆಯ ಹಿಂದೆ ನಿಂತು ಅದನ್ನು ಬಳಸಿ ಹಿಡಿದರು. ಬಟ್ಟೆ ಬೆಚ್ಚಗಿತ್ತು. ಕಿಟಕಿಯ ಬಿಸಿಲು ಆ ಮೂಲೆಗೆ ಬೀಳುತ್ತಿರಲಿಲ್ಲ. ಅವರು ಕೆನ್ನೆಯೊತ್ತಿದರು. ಹೊಟ್ಟು ತುಂಬಿದ ಬೆನ್ನು ಮೆಲ್ಲಗೆ ಒಂದು ಸಲ ಏರಿತು, ಇಳಿಯಿತು.

ಬೇರೆಯವರಾಗಿದ್ದರೆ ಕಿರುಚಿ ಓಡುತ್ತಿದ್ದರು. ತಾಯಿ, ಬಿಡಲಿಲ್ಲ.

ಅಂದು ಸಂಜೆ ಪುಟ್ಟಿ ತಾನಾಗಿ ಫೋನು ಮಾಡಿದಳು. ಹಾಗೆ ಮಾಡಿದ್ದು ಎರಡು ವರ್ಷದಲ್ಲಿ ಅದೇ ಮೊದಲು.

"ಅಮ್ಮಾ, ನಮ್ಮ ಹಳೇ ಮನೇಲಿ ಮಿಷನ್ನಿಗೆ ಒಂದು ಎಣ್ಣೆ ಬಿಡ್ತಿದ್ಯಲ್ಲ, ಅದು ಈಗಲೂ ಸಿಗುತ್ತಾ?"

"ಯಾಕೆ ಪುಟ್ಟಿ?"

"ಏನಿಲ್ಲ. ಇವತ್ತು ಮಧ್ಯಾಹ್ನ ಅದರ ವಾಸನೆ ಬಂದ ಹಾಗಾಯ್ತು."

ಆ ವಾರದ ಕೊನೆಗೆ ಬೊಂಬೆಯ ಸೊಂಟ ಇಪ್ಪತ್ತೆರಡಕ್ಕೆ ಏರಿತು. ಅಮ್ಮಾವ್ರು ಆಕಾಶದಲ್ಲಿ ತೇಲಾಡಿದರು. ದಿನಾ ನಾಲ್ಕಕ್ಕೆ ಹೊಲಿಗೆ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳತೊಡಗಿದರು. ಎಷ್ಟು ಸಲೀಸು ನೋಡಿ! ಮಗಳ ಮುಖ ನೋಡಬೇಕಾಗಿಲ್ಲ, ಅವಳ ಒಂದು ಮಾತು ಕೇಳಬೇಕಾಗಿಲ್ಲ, ತಪ್ಪಾಯಿತು ಅನ್ನಬೇಕಾಗಿಲ್ಲ. ತಬ್ಬಿದರಾಯಿತು. ಮನೆ ಕಳಿಸಿದ ಹಾಗೆ, ಕಾರು ಕಳಿಸಿದ ಹಾಗೆ, ಈಗ ತೋಳನ್ನೂ ಕಳಿಸಿದರು. ಮೊದಲು ಒಂದು ನಿಮಿಷ ಹಿಡಿಯುತ್ತಿದ್ದವರು ಹತ್ತು ನಿಮಿಷ ಹಿಡಿದರು, ಆಮೇಲೆ ಅರ್ಧ ಗಂಟೆ. ಜಾಸ್ತಿ ಹಿಡಿದರೆ ಜಾಸ್ತಿ ತುಂಬಿಕೊಳ್ಳುತ್ತಾಳೆ ಎಂಬ ಲೆಕ್ಕಾಚಾರ. ಒಳಗಿನ ಉಸಿರು ಈಗ ಚೆನ್ನಾಗಿ ತಿಳಿಯುತ್ತಿತ್ತು. ಕೆಲವು ದಿನ ಅದು ತೀರ ಜೋರಾಗಿ ಬಡಿದುಕೊಳ್ಳುತ್ತಿತ್ತು. ಖುಷಿಗೆ ಎಂದುಕೊಂಡು ಅಮ್ಮಾವ್ರು ಇನ್ನಷ್ಟು ಬಿಗಿಯಾಗಿ ಹಿಡಿದರು.

ಮೂರನೇ ವಾರ ಮಾಸ್ತರು ಟೇಪು ಹಿಡಿದು ನೋಡಿ, ಚೀಟಿಯನ್ನು ಅಮ್ಮಾವ್ರ ಕೈಗಿತ್ತರು. ಇಪ್ಪತ್ತು.

ಅಂದು ಸಂಜೆ ಫೋನು ಬಂತು. ಪುಟ್ಟಿಯ ದನಿ ಪಿಸುಗುಡುತ್ತಿತ್ತು.

"ಅಮ್ಮಾ, ಯಾರಿಗೂ ಹೇಳಬೇಡ. ನನಗೆ ತಲೆ ಕೆಟ್ಟಿಲ್ಲ ಅಂತ ಮೊದಲು ಹೇಳು."

"ಇಲ್ಲಮ್ಮ, ಹೇಳು."

"ದಿನಾ ನಾಲ್ಕು ಗಂಟೆಗೆ ಏನೋ ಬರುತ್ತೆ. ಹಿಂದಿನಿಂದ. ಕಾಣಲ್ಲ. ಎರಡು ಕೈ. ಸೊಂಟ ಹಿಡ್ಕೊಳ್ಳುತ್ತೆ, ಬಿಡೋದೇ ಇಲ್ಲ. ಮೊದಲು ಸುಮ್ಮನಿದ್ದೆ, ಏನೋ ಹಿತ ಅನಿಸ್ತಿತ್ತು. ಈಗ ಉಸಿರು ಕಟ್ಟುತ್ತೆ. ಮನೇಲಿರೋದು ಬೇಡ ಅಂತ ಲೈಬ್ರರಿಗೆ ಹೋದೆ, ಅಲ್ಲಿಗೂ ಬಂತು. ಬಸ್ಸಲ್ಲಿ ಕೂತೆ, ಸೀಟಿಗೂ ನನಗೂ ಮಧ್ಯೆ ಬಂತು. ಇವತ್ತು ಗೋಡೆಗೆ ಬೆನ್ನೊತ್ತಿ ನಿಂತಿದ್ದೆ. ಗೋಡೆಯೊಳಗಿಂದ ಕೈ ಬಂತು ಅಮ್ಮಾ." ಅವಳು ಬಿಕ್ಕಿದಳು. "ನನಗೆ ಭಯ ಆಗ್ತಿದೆ. ಊಟ ಗಂಟಲಲ್ಲಿ ಇಳಿಯಲ್ಲ."

ಅಮ್ಮಾವ್ರು ತಮ್ಮ ಕೈಗಳನ್ನು ನೋಡಿಕೊಂಡರು. ಬೆರಳಲ್ಲಿ ಎರಡು ಉಂಗುರ, ಉಗುರಿಗೆ ತಿಳಿ ಬಣ್ಣ. ಇಷ್ಟು ದಿನ ಮಗಳ ಮನೆಯಲ್ಲಿ ಓಡಾಡುತ್ತಿದ್ದ ದೆವ್ವ ಇದು. ಬಾಯಿಗೆ ಬಂದ ಮಾತು ಬಾಯಲ್ಲೇ ಉಳಿಯಿತು. ಬದಲಿಗೆ, ಅಭ್ಯಾಸ ನೋಡಿ, ಬಂದದ್ದು ಹಳೆಯ ಮಾತೇ. "ಅದು ನಾಳೆಯಿಂದ ಬರಲ್ಲ ಪುಟ್ಟಿ. ನಾನು ನೋಡ್ಕೋತೀನಿ."

ಪುಟ್ಟಿ ತಣ್ಣಗೆ ಕೇಳಿದಳು. "ನೀನು ಹೇಗೆ ನೋಡ್ಕೋತೀಯ?"

ಫೋನು ಕಟ್ಟಾಯಿತು.

ಅಮ್ಮಾವ್ರು ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ. ಹಿಡಿದರೆ ಹುಡುಗಿ ಹೆದರಿ ಸಾಯುತ್ತಾಳೆ, ಬಿಟ್ಟರೆ ಒಂಟಿಯಾಗಿ ಸೊರಗುತ್ತಾಳೆ. ಬೆಳಗಾದ ಮೇಲೆ ಹೊಲಿಗೆ ಕೋಣೆಗೆ ಹೋದರು, ಬೊಂಬೆಯನ್ನು ಮುಟ್ಟಲಿಲ್ಲ. ಮುಟ್ಟದೆಯೇ ಕಾಣುತ್ತಿತ್ತು, ಬಿಳಿ ಬಟ್ಟೆಯೊಳಗೆ ಹಂದರದ ಕಡ್ಡಿಗಳು ಒಂದೊಂದಾಗಿ ಎದ್ದಿದ್ದವು. ಮಾಸ್ತರು ಮಿಷನ್ನಿನ ಮೇಲಿನ ಧೂಳು ಒರೆಸುತ್ತ, ಅವರ ಕಡೆ ನೋಡದೆ, "ಬೊಂಬೆಗೆ ಎಷ್ಟು ಅಂತ ಹೊಲಿಯೋದು ಅಮ್ಮಾವ್ರೇ. ಒಂದು ಸಲ ತೊಡೋ ಆಳನ್ನ ನೋಡಿದ್ರೆ ಒಳ್ಳೇದು" ಎಂದರು.

ಅಮ್ಮಾವ್ರು ಉಂಗುರ ಬಿಚ್ಚಿ ಮೇಜಿನ ಮೇಲಿಟ್ಟರು. ಕಾರು ಕರೆಸಲಿಲ್ಲ. ಕಾರು ಹೊರಟರೆ ಇಲ್ಲಿನ ಡ್ರೈವರಿಂದ ಆ ಊರಿನ ಡ್ರೈವರಿಗೆ ತಿಳಿಯುತ್ತದೆ, ಡ್ರೈವರಿಂದ ಅಡಿಗೆಯವಳಿಗೆ, ಅವಳಿಂದ ಪುಟ್ಟಿಗೆ. ಬಸ್ಸಿಗೆ ಹೋದರು. ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟು ಬಸ್ಸಿನೊಳಗೇ ಕೊಡುತ್ತಾರೋ ಹೊರಗೆ ಕೊಡುತ್ತಾರೋ ಎಂದು ಒಬ್ಬಳು ಕಾಲೇಜು ಹುಡುಗಿಯನ್ನು ಕೇಳಬೇಕಾಯಿತು. ಆ ಹುಡುಗಿ ತಾಳ್ಮೆಯಿಂದ ಹೇಳಿಕೊಟ್ಟು, ಕಿಟಕಿ ಪಕ್ಕದ ಸೀಟನ್ನೂ ಬಿಟ್ಟುಕೊಟ್ಟಳು. ಇವಳಿಗೆ ನನ್ನಿಂದ ಏನು ಬೇಕು ಎಂದು ಅಮ್ಮಾವ್ರ ಮನಸ್ಸು ಅಲ್ಲೂ ಒಮ್ಮೆ ಮೂಸಿ ನೋಡಿತು. ತಮ್ಮ ಬಗ್ಗೆಯೇ ಅವರಿಗೆ ಅಸಹ್ಯವಾಯಿತು. ಹತ್ತೂವರೆಗೆ ಪಕ್ಕೆ ಹಿಡಿಯುವ ಹೊತ್ತಿಗೆ ಬಸ್ಸು ಊರಾಚೆ ಓಡುತ್ತಿತ್ತು. ಅಂದು ಅದು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಪುಟ್ಟಿಯ ಮನೆ ಒಂಬತ್ತನೇ ಮಹಡಿಯಲ್ಲಿ. ಅಮ್ಮಾವ್ರೇ ಕೊಂಡು ಕೊಟ್ಟ ಮನೆ, ಅವರು ಅದರ ಬಾಗಿಲು ನೋಡಿದ್ದು ಇದೇ ಮೊದಲು. ಗಂಟೆ ಒತ್ತಿದಾಗ ನಾಲ್ಕಕ್ಕೆ ಆರು ನಿಮಿಷ ಇತ್ತು. ಬಾಗಿಲು ಸರಪಳಿಯಷ್ಟು ತೆರೆಯಿತು. ಸಂದಿಯಲ್ಲಿ ಒಂದು ಕಣ್ಣು, ಅರ್ಧ ಕೆನ್ನೆ. ಆ ಅರ್ಧ ಕೆನ್ನೆಯಲ್ಲಿ ಎಲುಬು ಎದ್ದು ಕಾಣುತ್ತಿತ್ತು.

"ಬರಬೇಡ ಅಂದಿದ್ದೆ."

"ಹೌದು. ಬಾಗಿಲು ತೆಗೀಬೇಡ. ಒಂದು ಮಾತು ಹೇಳಿ ಹೋಗ್ತೀನಿ." ಅಮ್ಮಾವ್ರು ಸಂದಿಗೆ ಮುಖ ತಂದರು. "ಆ ಕೈ ನಂದು ಪುಟ್ಟಿ."

ಕಣ್ಣು ಮಿಟುಕಲಿಲ್ಲ.

ಅಮ್ಮಾವ್ರು ಹೊರಗೆ ನಿಂತೇ ಎಲ್ಲ ಹೇಳಿದರು. ಬೊಂಬೆ ಇಳಿದದ್ದು, ಚೀಟಿಗಳು, ನಾಲ್ಕು ಗಂಟೆ, ಚಿಲಕ. ಏನೂ ಮುಚ್ಚಿಡಲಿಲ್ಲ. "ನಿನ್ನ ಹೆದರಿಸೋಕಲ್ಲ. ನಿನ್ನ ಮುಖ ನೋಡೋಕೆ ಹೆದರಿ ಹಾಗೆ ಮಾಡಿದೆ. ನಿನ್ನ ಗೆಳತಿ ವಿಷಯದಲ್ಲೂ ತಪ್ಪು ನಂದೇ. ಅವಳಲ್ಲಿ ಏನೂ ಐಬಿರಲಿಲ್ಲ. ಅದು ಅವತ್ತೇ ಗೊತ್ತಾಯ್ತು, ಹೇಳೋಕೆ ನನಗೆ ಬಾಯಿ ಬರಲಿಲ್ಲ."

"ಅವಳು ಹೋದಮೇಲೆ ಯಾರಾದ್ರೂ ನನ್ನ ನೋಡಿ ನಕ್ಕರೆ ಸಾಕು, ನೀನೇ ಕಳಿಸಿದೀಯೇನೋ ಅನಿಸುತ್ತೆ" ಎಂದಳು ಪುಟ್ಟಿ ಸಂದಿಯಿಂದ. "ಯಾರ ಜೊತೇಲೂ ಕೂತು ತಿನ್ನೋಕಾಗಲ್ಲ. ಒಬ್ಬಳೇ ಕೂತರೆ ಸೇರಲ್ಲ. ಅಡಿಗೆಯವಳು ಮಾಡಿದ್ದೆಲ್ಲ ಸಿಂಕಿಗೆ ಹೋಗುತ್ತೆ." ಸಿಟ್ಟಿನಿಂದಲೇ ಹೇಳಿದಳು, ಆದರೆ ಬಾಗಿಲು ಹಾಕಲಿಲ್ಲ.

ಒಳಗೆಲ್ಲೋ ಗಡಿಯಾರ ನಾಲ್ಕು ಹೊಡೆಯಿತು.

ಸಂದಿಯಿಂದ ಕಣ್ಣು ಮಾಯವಾಯಿತು. ಪುಟ್ಟಿ ಹಿಂದೆ ಸರಿದು ಗೋಡೆಗೆ ಬೆನ್ನೊತ್ತಿ, ಎರಡೂ ಕೈಯಿಂದ ಸೊಂಟ ಮುಚ್ಚಿಕೊಂಡು ನಿಂತದ್ದು ಅಮ್ಮಾವ್ರಿಗೆ ಕಂಡಿತು. ಕಾದಳು. ಅಮ್ಮಾವ್ರೂ ಕಾದರು. ತಾವು ಇಲ್ಲಿದ್ದರೂ ಅಲ್ಲಿ ಆ ಕೋಣೆಯಲ್ಲಿ ತಮ್ಮ ಕೈ ತಾನಾಗಿ ಎದ್ದು ಬೊಂಬೆಯನ್ನು ಹಿಡಿದರೆ ಎಂಬ ಭಯ ಅವರಿಗೂ ಹೊಕ್ಕಿತ್ತು. ಒಂದು ನಿಮಿಷವಾಯಿತು. ಐದು ನಿಮಿಷವಾಯಿತು.

"ಬರಲಿಲ್ಲ" ಎಂದಳು ಪುಟ್ಟಿ.

"ಬಂದಿದೆ. ಇಲ್ಲೇ ಹೊರಗೆ ನಿಂತಿದೆ." ಅಮ್ಮಾವ್ರು ಬರಿಗೈ ಎರಡನ್ನೂ ಸಂದಿಯ ಮುಂದೆ ಹಿಡಿದರು. "ನೀನು ಹೂಂ ಅಂದ್ರೆ ಮಾತ್ರ. ಇಲ್ಲಾಂದ್ರೆ ಸಂಜೆ ಬಸ್ಸಿಗೆ ಹೋಗ್ತೀನಿ. ನೀನು ಎಲ್ಲಿಗೆ ಹೋದ್ರೂ ಹುಡುಕಿಸೋದಿಲ್ಲ."

ಆ ಕೊನೆಯ ಮಾತು ಆಡುವುದು ಅವರಿಗೆ ಪ್ರಾಣ ಹೋದ ಹಾಗಿತ್ತು. ಪುಟ್ಟಿ ಬಹಳ ಹೊತ್ತು ಆ ಕೈಗಳನ್ನು ನೋಡಿದಳು. ಆಮೇಲೆ ಸರಪಳಿ ಕಳಚಿದ ಸದ್ದಾಯಿತು.

ಅವಳು ಬೆನ್ನು ತಿರುಗಿಸಿ ನಿಂತಳು, ಆರು ವರ್ಷದವಳಾಗಿದ್ದಾಗ ನಿಲ್ಲುತ್ತಿದ್ದ ಹಾಗೆ. ಅಮ್ಮಾವ್ರು ಬಳಸಿದರು, ಹಗುರವಾಗಿ, ಹತ್ತಿಯನ್ನು ಹಿಡಿದ ಹಾಗೆ. ಬಲಗೈ ಬೆರಳು ಮಣಿಕಟ್ಟು ದಾಟಿತು, ಮುಂಗೈ ದಾಟಿತು.

"ಎಲ್ಲಿಗೆ ಬಂತಮ್ಮಾ?"

ಬೆರಳು ಮೊಣಕೈಯನ್ನೂ ದಾಟಿತ್ತು. ಅವರು ಮಗಳ ಬೆನ್ನಿಗೆ ಮುಖವಿಟ್ಟು ಅತ್ತರು.

ಆಗ ಪುಟ್ಟಿ ಆ ತೋಳುಗಳೊಳಗೇ ತಿರುಗಿ ತಾನೂ ತಾಯಿಯನ್ನು ಹಿಡಿದಳು. ಹಿಡಿದದ್ದು ಸರಿಯಾಗಿ ಎರಡೂ ಪಕ್ಕೆಲುಬಿನ ಕೆಳಗೆ, ಬಿಗಿಯಾಗಿ. ಅಮ್ಮಾವ್ರ ಅಳು ಅರ್ಧಕ್ಕೆ ನಿಂತಿತು. ಆ ಹಿಡಿತ ಅವರಿಗೆ ಹೊಸದಾಗಿರಲಿಲ್ಲ. ಎರಡು ವರ್ಷ ದಿನಾ ಬಂದದ್ದು ಇದೇ ಹತ್ತು ಬೆರಳು.

"ಪುಟ್ಟಿ, ಬೆಳಿಗ್ಗೆ ಹತ್ತೂವರೆಗೆ ನೀನೇನು ಮಾಡ್ತೀಯ?"

ಪುಟ್ಟಿಯ ಮುಖ ಕೆಂಪಾಯಿತು. "ಅಡಿಗೆಯವಳು ಆಗ ತರಕಾರಿಗೆ ಹೋಗ್ತಾಳೆ, ಮನೇಲಿ ಯಾರೂ ಇರಲ್ಲ. ನಿನ್ನ ಹಳೇ ಸ್ವೆಟರು ಕದ್ಕೊಂಡು ಬಂದಿದ್ದೆ. ದಿಂಬಿಗೆ ಹಾಕಿ, ದಿನಾ ಆಗ ತಬ್ಕೋತೀನಿ." ತಾಯಿಯ ಮುಖ ನೋಡಿ, "ಯಾಕೆ?" ಎಂದಳು.

"ಡಾಕ್ಟರುಗಳು ಗ್ಯಾಸು ಅಂದಿದ್ರು" ಎಂದರು ಅಮ್ಮಾವ್ರು. ಅಳುತ್ತಲೇ ನಕ್ಕರು. ಪುಟ್ಟಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು, ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ.

ಅಡಿಗೆಯವಳಿಗೆ ಅಂದು ರಜೆ ಕೊಟ್ಟು ಅಮ್ಮಾವ್ರೇ ಒಲೆಯ ಮುಂದೆ ನಿಂತರು. ಅನ್ನ ತಳ ಹತ್ತಿತು. ಇಬ್ಬರೂ ಅಡಿಗೆಮನೆಯ ನೆಲದಲ್ಲಿ ಒಂದೇ ತಟ್ಟೆಯಿಟ್ಟುಕೊಂಡು ಕೂತರು. ಪುಟ್ಟಿ ನಾಲ್ಕು ತುತ್ತು ತಿಂದಳು, ಐದನೆಯದನ್ನೂ ತಿಂದಳು. ಆರನೆಯದು ಬಾಯಲ್ಲಿರುವಾಗ ಮಾಸ್ತರ ಫೋನು ಬಂತು.

"ಅಮ್ಮಾವ್ರೇ, ಮನೆಗೆ ಹೊರಡೋ ಮುಂಚೆ ಬೊಂಬೆಗಳನ್ನ ಮುಟ್ಟಿ ನೋಡಿದೆ. ಪುಟ್ಟಮ್ಮಂದು ತಣ್ಣಗಾಗಿದೆ. ಬರೀ ಹೊಟ್ಟು, ಹತ್ತಿ, ಅಷ್ಟೇ. ನಿಮ್ಮದೂ ಹಾಗೇ. ಪಕ್ಕೆ ತಗ್ಗು ತುಂಬಿದ್ದೆ, ತುಂಬಿದ ಹಾಗೇ ನಿಂತಿದೆ. ಇನ್ನು ಮೇಲೆ ಅಳತೆ ನೀವೇ ತಗೊಂಡು ಹೇಳಬೇಕಾಗುತ್ತೆ."

"ಹೇಳ್ತೀನಿ ಮಾಸ್ತರೇ."

ಮಾಸ್ತರು ಫೋನು ಇಡಲಿಲ್ಲ. "ಇನ್ನೊಂದು ಮಾತು. ಯಜಮಾನರ ಬೊಂಬೆ ಮಾತ್ರ ಇನ್ನೂ ಬೆಚ್ಚಗಿದೆ. ಬೆಳಿಗ್ಗೆಯಿಂದ ಭುಜ ಮತ್ತೆ ಕಾಲು ಇಂಚು ಇಳಿದಿದೆ."

ಅಮ್ಮಾವ್ರ ಕಣ್ಣ ಮುಂದೆ ಹನ್ನೆರಡು ಕುರ್ಚಿಯ ಮೇಜು ಬಂತು. ಅದರ ಒಂದೇ ತುದಿಯಲ್ಲಿ ಪೇಪರು ಹಿಡಿದು ಕೂತವರು, ಟೇಪು ಭುಜಕ್ಕೆ ತಾಗಿದ್ದಕ್ಕೇ ಖುಷಿಯಿಂದ ನಕ್ಕವರು.

"ಅವರು ಎಲ್ಲಿದಾರೆ ಈಗ?"

"ಕೆಳಗೆ. ಊಟಕ್ಕೆ ಕೂತಿದಾರೆ. ಒಬ್ಬರೇ."

ಪುಟ್ಟಿ ತುತ್ತು ನಿಲ್ಲಿಸಿ ನೋಡುತ್ತಿದ್ದಳು. ಎಲ್ಲ ಕೇಳಿಸಿತ್ತು. ಎದ್ದು ಹೋಗಿ ಇನ್ನೊಂದು ತಟ್ಟೆ ತಂದು ನೆಲದ ಮೇಲಿಟ್ಟಳು.

"ಮಾಸ್ತರೇ" ಎಂದರು ಅಮ್ಮಾವ್ರು, "ಅವರನ್ನ ಎಬ್ಬಿಸಿ. ಕೈ ತೊಳೆಸಿ, ರಾತ್ರಿ ಬಸ್ಸು ಹತ್ತಿಸಿ. ಟಿಕೆಟು ಎಲ್ಲಿ ತಗೋಬೇಕು ಅಂತ ಅವರಿಗೂ ಗೊತ್ತಿರಲ್ಲ, ಸ್ವಲ್ಪ ಜೊತೆಗೆ ಹೋಗಿ."